ಅಂಚಿನಲ್ಲಿ ಅರ್ಧ ನಾಯಿ

ಗೋಡೆಯ ಮೇಲೆ ಆ ಭಾನುವಾರದ ಎಷ್ಟನೆಯದೋ ಸೂರ್ಯಾಸ್ತದ ಚಿತ್ರ ಮೂಡಿದಾಗ ಪಂಚಾಕ್ಷರಿಯವರು ಮುಖ ಕಿವಿಚಿದರು.

"ಥೂ! ಇದೇನು ಆಕಾಶವೋ, ಸೀದುಹೋದ ಗೊಜ್ಜೋ?" ಎಂದರು. "ಈ ಮಹಾನುಭಾವನಿಗೆ ಸಿಕ್ಕಿದ್ದು ಒಂದು ಬೆಟ್ಟ, ಅದನ್ನೂ ನೆಟ್ಟಗೆ ನಿಲ್ಲಿಸೋಕೆ ಬರಲಿಲ್ಲ. ಕ್ಯಾಮೆರಾ ಮಾರಿ ಒಂದು ಕುಕ್ಕರ್ ತಗೊಳ್ಳೋಕೆ ಹೇಳಿ."

ಅವರ ಕೊರಳಿಗೆ ಸುತ್ತಿದ್ದ ತೆಳುವಾದ ಪಟ್ಟಿಯಲ್ಲಿ ಹಸಿರು ದೀಪ ಮಿನುಗಿತು. ಚಿತ್ರ ಕಳಿಸಿದಾತ ತುಮಕೂರಿನ ಯಾವುದೋ ಬಡಾವಣೆಯ ತನ್ನ ಮನೆಯಲ್ಲಿ ಕುಳಿತು, ಪಂಚಾಕ್ಷರಿಯವರದೇ ದನಿಯಲ್ಲಿ, ಅವರದೇ ಕೆಮ್ಮಿನ ಸಮೇತ ಹೀಗೆ ಕೇಳಿಸಿಕೊಂಡ: "ಬಣ್ಣಗಳನ್ನು ಧಾರಾಳವಾಗಿ ಬಳಸಿದ್ದೀರಿ. ಬೆಟ್ಟ ತುಸು ವಾಲಿರುವುದು ಚಿತ್ರಕ್ಕೆ ಚಲನೆ ಕೊಟ್ಟಿದೆ. ಮುಂದಿನ ಸಲ ದಿಗಂತದ ಕಡೆಗೂ ಒಂದು ಕಣ್ಣಿಡಿ. ನಿಮ್ಮ ಇನ್ನೊಂದು ಚಿತ್ರಕ್ಕಾಗಿ ಕಾಯುತ್ತಿರುತ್ತೇನೆ."

ಮೇಜಿನ ಮೇಲಿನ ಗಾಜಿನ ಫಲಕದಲ್ಲಿ ಆ ಮಾತುಗಳನ್ನು ಓದಿದ ಪಂಚಾಕ್ಷರಿಯವರಿಗೆ ಸೂರ್ಯಾಸ್ತಕ್ಕಿಂತ ಹೆಚ್ಚು ಅಸಹ್ಯವಾಯಿತು. ಕಾಯುತ್ತಿರುತ್ತಾರಂತೆ! ತಾವು ಜನ್ಮದಲ್ಲಿ ಯಾರ ಚಿತ್ರಕ್ಕೂ ಕಾದವರಲ್ಲ. ಪತ್ರಿಕೆಯೊಂದರಲ್ಲಿ ಚಿತ್ರ ಸಂಪಾದಕರಾಗಿ ಇಡೀ ಆಯುಷ್ಯ ಕಸ ಸೋಸಿ ನಿವೃತ್ತರಾದವರು. ಅಂಥವರ ಬಾಯಿಗೆ ಈಗ ಯಾರೋ ಪಾಕ ಸುರಿದು ಕೂರಿಸಿದಂತಾಗಿತ್ತು.

ಈ ಕೊರಳಪಟ್ಟಿಗೆ ನುಡಿಶೋಧಕ ಎಂದು ಹೆಸರು. ಅದು ಬಂದದ್ದಕ್ಕೆ ಕಾರಣವೂ ಅವರೇ. 'ಬೆಳಕಿಂಡಿ' ಎಂಬ ಛಾಯಾಚಿತ್ರ ಬಳಗದ ತೀರ್ಪುಗಾರರಾಗಿ ಅವರು ಕುಳಿತ ಮೇಲೆ ಸದಸ್ಯರು ಒಬ್ಬೊಬ್ಬರಾಗಿ ಜಾರಿಕೊಂಡಿದ್ದರು. ಬ್ಯಾಂಕಿನ ಅಧಿಕಾರಿಯೊಬ್ಬರು ತುಂಬಿದ ಸಭೆಯಲ್ಲಿ ಅತ್ತುಬಿಟ್ಟಿದ್ದರು. ಆ ಕಾಲದ ಕ್ಯಾಮೆರಾಗಳು ಚೌಕಟ್ಟು, ಬೆಳಕು, ಬಣ್ಣ ಎಲ್ಲವನ್ನೂ ತಾವೇ ತಿದ್ದಿಕೊಳ್ಳುತ್ತಿದ್ದವು. ಬೆಳಕಿಂಡಿಯವರು ಮಾತ್ರ ಆ ಸ್ವಯಂತಿದ್ದುಗೆಯನ್ನು ನಿಲ್ಲಿಸಿಟ್ಟು, ಬರಿಗಣ್ಣಿನ ಆಯ್ಕೆಯಲ್ಲೇ ಚಿತ್ರ ತೆಗೆಯಬೇಕೆಂಬ ಹಟದವರು. ಹಾಗಾಗಿ ತಪ್ಪಾದರೆ ಅದು ತೆಗೆದವರದೇ ತಪ್ಪು, ಬೈಗುಳವೂ ಪೂರ್ತಿ ಅವರದೇ. ಇನ್ನೊಂದು ಪದ್ಧತಿಯೂ ಇತ್ತು. ವರ್ಷವಿಡೀ ಚಿತ್ರ ಯಾರದೆಂದು ತೀರ್ಪುಗಾರರಿಗೆ ತಿಳಿಸುವಂತಿಲ್ಲ. ವಾರ್ಷಿಕೋತ್ಸವದ ದಿನ ಬಹುಮಾನದ ಹೊತ್ತಿಗಷ್ಟೇ ಹೆಸರು ಬಿಚ್ಚುವುದು.

ಪಟ್ಟಿಯನ್ನು ಕಟ್ಟಿದ ಮೊದಲ ದಿನ ಅದನ್ನು ರೂಪಿಸಿದ ವಿಜ್ಞಾನಿ ಡಾಕ್ಟರ್ ರೆಬೆಕ್ಕಾ ಸಲ್ಡಾನಾ ತಾಳ್ಮೆಯಿಂದ ವಿವರಿಸಿದ್ದರು. ಪಟ್ಟಿಯೊಳಗಿನ ನಾದನುಂಗಿ ಎಂಬ ಭಾಗ, ಬಾಯಿಂದ ಹೊರಟ ದನಿಗೆ ಎದುರುದನಿ ಹುಟ್ಟಿಸಿ ಅದನ್ನು ಅಲ್ಲೇ ಇಲ್ಲವಾಗಿಸುತ್ತದೆ. ಮಾತನ್ನು ಒಳಗಿನ ಗಣಕ ಸೋಸುತ್ತದೆ. ಕೇಳುವವರ ಮುಖ ಬಾಡಿಸುವ ಪದಗಳು ಯಾವುವೆಂದು ಸಾವಿರಾರು ಸಭೆಗಳಿಂದ ಅದು ಕಲಿತಿದೆ. ಅವನ್ನು ತೆಗೆದು, ಮೊದಲು ಒಂದು ಮೆಚ್ಚುಗೆ, ಆಮೇಲೆ ಒಂದು ಸಲಹೆ, ಕೊನೆಗೆ ಒಂದು ಹುರಿದುಂಬಿಸುವ ಮಾತು ಸೇರಿಸಿ, ಮಾತಾಡಿದವರದೇ ದನಿಯಲ್ಲಿ ಕಳಿಸುತ್ತದೆ.

"ಅಲ್ಲ ಕಣಮ್ಮ, ನಾನು ಹೇಳಿದ್ದು ಎಲ್ಲಿಗೆ ಹೋಯ್ತು ಹಾಗಾದ್ರೆ?" ಎಂದು ಪಂಚಾಕ್ಷರಿ ಕೇಳಿದ್ದರು.

"ಅರ್ಥ ಹಾಗೇ ಇರುತ್ತೆ ಸರ್. ಮುಳ್ಳು ಮಾತ್ರ ತೆಗೀತೀವಿ."

"ಮೀನು ತಿನ್ನೋರು ನೀವು, ಮುಳ್ಳು ತೆಗೆಯೋದು ನಿಮಗೆ ಗೊತ್ತು. ಮಾತಲ್ಲಿ ಯಾವುದು ಮುಳ್ಳು ಯಾವುದು ಮಾಂಸ ಅಂತ ಈ ಪಟ್ಟಿಗೆ ಗೊತ್ತೇನಮ್ಮ?"

ಡಾಕ್ಟರ್ ನಗುತ್ತ ಪಟ್ಟಿಯ ಕೊಂಡಿ ಬಿಗಿದಿದ್ದರು. ಪಟ್ಟಿ ಕೆಲಸ ಮಾಡಿತು. ಬಿಟ್ಟುಹೋದವರು ಮರಳಿದರು, ಹೊಸಬರು ಮುಗಿಬಿದ್ದರು, ಚಿತ್ರಗಳ ಹೊಳೆಯೇ ಹರಿಯಿತು. ಹೂವಿನ ಮೇಲಿನ ನೀರ ಹನಿಗಳು, ಸುಕ್ಕುಗಟ್ಟಿದ ಅಜ್ಜಿಯರು, ದೇವರಾಯನದುರ್ಗದ ಬಂಡೆಯ ಮೇಲೆ ತೋಳು ಚಾಚಿ ನಿಂತ ದಂಪತಿಗಳು. ಪಂಚಾಕ್ಷರಿ ಒಂದೊಂದಕ್ಕೂ ಉಗಿದರು, ಒಂದೊಂದು ಉಗುಳೂ ಪನ್ನೀರಾಗಿ ಹೋಯಿತು.

ಅಷ್ಟರಲ್ಲಿ ಅವರಿಗೊಬ್ಬ ಕಡುವೈರಿ ಹುಟ್ಟಿಕೊಂಡ. ಹೆಸರು ಗೊತ್ತಿಲ್ಲದ ಆ ಮನುಷ್ಯನ ಚಿತ್ರಗಳನ್ನು ಕಂಡ ಕೂಡಲೇ ಗುರುತಿಸಬಹುದಿತ್ತು. ನಡುವಿನ ವಸ್ತು ಚೆನ್ನಾಗಿಯೇ ಇರುತ್ತಿತ್ತು. ಬಿಸಿಲಿಗೆ ಹಾಕಿದ ಸಂಡಿಗೆಯ ಮುಂದೆ ಕಾಗೆ ಕಾಯುತ್ತ ಕೂತ ಹೆಂಗಸು, ಬಸ್ಸಿನ ಕಿಟಕಿಯಲ್ಲಿ ನಿದ್ದೆಹೋದ ಮದುಮಗ. ಅದೇ ಸಿಟ್ಟು ತರಿಸುತ್ತಿದ್ದುದು. ಅಂಥ ನಡುವನ್ನು ಹುಡುಕಬಲ್ಲವನು ಅಂಚನ್ನು ಹೀಗೆ ಹೊಲಸು ಮಾಡುವುದೇ? ಒಂದು ಬದಿಯಲ್ಲಿ ಅರ್ಧ ನಾಯಿ. ಇನ್ನೊಂದು ಬದಿಯಲ್ಲಿ ಯಾರದೋ ಮೊಣಕೈ. ಮೇಲೆ ನೇತಾಡುವ ಒದ್ದೆ ಟವಲಿನ ಚುಂಗು, ಕೆಳಗೆ ಕಸದ ಬುಟ್ಟಿಯ ಬಾಯಿ. ಚೆನ್ನಾದ ಊಟದ ತಟ್ಟೆಯ ಅಂಚಿನಲ್ಲಿ ಯಾರೋ ಕೈ ತೊಳೆದ ಹಾಗೆ. ತಿಂಗಳು ಕಳೆದಂತೆ ಹೊಲಸು ಅಂಚಿನಿಂದ ಒಳಕ್ಕೆ ಸರಿಯುತ್ತ ಬಂತು.

"ಈ ಪ್ರಾಣಿಗೆ ನಡುವೆ ಇರೋದು ಬಿಟ್ಟು ಸುತ್ತ ಏನೂ ಕಾಣಲ್ವಾ?" ಎಂದು ಪಂಚಾಕ್ಷರಿ ಗೋಡೆಯ ಮೇಲೆ ಹರಿಹಾಯ್ದರು. "ಕುದುರೆಗೆ ಕಣ್ಣಪಟ್ಟಿ ಕಟ್ಟಿದ ಹಾಗೆ ತೆಗೀತಾನೆ! ಕಣ್ಣು ಡಾಕ್ಟರ ಹತ್ರ ಹೋಗೋಕೆ ಹೇಳಿ ಮೊದಲು!"

ಹಸಿರು ದೀಪ ಮಿನುಗಿತು. "ವಸ್ತುವಿನ ಮೇಲೆ ನಿಮ್ಮ ನೋಟ ನೆಟ್ಟಿರುವ ರೀತಿಯಲ್ಲಿ ಅಪರೂಪದ ಏಕಾಗ್ರತೆ ಇದೆ. ಅಂಚಿನಲ್ಲಿ ಬದುಕಿನ ಗದ್ದಲ ತಾನಾಗಿ ನುಗ್ಗಲು ಬಿಟ್ಟಿದ್ದೀರಿ, ಅದು ದೊಡ್ಡ ಧೈರ್ಯ. ಈ ಹಾದಿಯಲ್ಲೇ ಮುಂದುವರಿಯಿರಿ."

ಪಂಚಾಕ್ಷರಿ ಪಟ್ಟಿಯನ್ನು ಕಿತ್ತು ಮೇಜಿನ ಮೇಲೆಸೆದು, ಬಾಯಿ ಮುಕ್ಕಳಿಸಿ ಬಳಗದ ಕೋಣೆಯಿಂದ ಮನೆಗೆ ಹೊರಟರು.

ಮನೆಯಲ್ಲಿ ಅವರ ಹೆಂಡತಿ ಸರ್ವಮಂಗಳ ಹಾಡು ಗುನುಗುತ್ತ ಆಚೀಚೆ ಓಡಾಡುತ್ತಿದ್ದರು. ಭಾನುವಾರದ ಸಂಜೆಗಳಲ್ಲಿ ಆಕೆಗೆ ಅದೆಲ್ಲಿಂದ ಅಷ್ಟು ಹುರುಪು ಬರುತ್ತದೆಂದು ಪಂಚಾಕ್ಷರಿ ಯೋಚಿಸಿದವರಲ್ಲ. ಕಾಫಿ ಲೋಟವನ್ನು ಮೇಜಿನ ಅಂಚಿಗೆ ಇಡಲು ಹೋಗಿ ಆಕೆ ಗಾಳಿಗೆ ಇಟ್ಟರು. ಲೋಟ ನೆಲಕ್ಕೆ ಬಿತ್ತು.

"ಕಣ್ಣು ಎಲ್ಲಿಟ್ಟಿದ್ದೀಯ? ಮೊನ್ನೆ ಬಾಗಿಲಿಗೆ ಭುಜ ಹೊಡ್ಕೊಂಡೆ, ಇವತ್ತು ಇದು. ಥತ್!"

"ಒರೆಸ್ತೀನಿ ಬಿಡಿ," ಎಂದು ಸರ್ವಮಂಗಳ ಹಾಡು ಮುಂದುವರಿಸಿದರು. ಮನೆಯಲ್ಲಿ ನುಡಿಶೋಧಕ ಇರಲಿಲ್ಲ, ಅದರ ಅಗತ್ಯವೂ ಇರಲಿಲ್ಲ. ಸಾರಿಗೆ ಉಪ್ಪು ಹೆಚ್ಚಾದರೂ, ಸೀರೆಯ ಬಣ್ಣ ಹಿಡಿಸದಿದ್ದರೂ, ಗಡಿಯಾರ ನಿಂತರೂ ಅದೇ 'ಕಣ್ಣು ಎಲ್ಲಿಟ್ಟಿದ್ದೀಯ'. ಆಕೆಯ ಕಿವಿಗಳು ಆ ಮಾತನ್ನು ಕೇಳಿಸಿಕೊಳ್ಳುವುದನ್ನು ಬಿಟ್ಟು ಬಹಳ ವರ್ಷಗಳಾಗಿದ್ದವು.

ವಾರ್ಷಿಕೋತ್ಸವದ ದಿನ ಸಭಾಂಗಣ ಕಿಕ್ಕಿರಿದಿತ್ತು. ವರ್ಷದ ಶ್ರೇಷ್ಠ ಛಾಯಾಚಿತ್ರಕಾರರನ್ನು ಗಣಕವೇ ಆರಿಸುತ್ತಿತ್ತು. ತೀರ್ಪುಗಾರರ ಮೆಚ್ಚುಗೆಯ ಮಾತು ಯಾರಿಗೆ ಹೆಚ್ಚು ಸಂದಿದೆಯೋ ಅವರಿಗೆ ಬಹುಮಾನ. ಗೋಡೆಯ ಮೇಲೆ ಸಂಡಿಗೆಯ ಹೆಂಗಸು, ಅರ್ಧ ನಾಯಿಯ ಸಮೇತ, ಆಳೆತ್ತರಕ್ಕೆ ಮೂಡಿದಾಗ ಪಂಚಾಕ್ಷರಿ ಕುರ್ಚಿಯ ಹಿಡಿಯನ್ನು ಗಟ್ಟಿಯಾಗಿ ಹಿಡಿದರು. ಲೆಕ್ಕ ಅವರಿಗೆ ತಕ್ಷಣ ಹೊಳೆಯಿತು. ಮಾತು ಕಹಿಯಾದಷ್ಟೂ ಅದನ್ನು ಸಿಹಿಯಾಗಿಸಲು ಸಕ್ಕರೆ ಹೆಚ್ಚು ಬೇಕು. ತಾವು ಯಾರ ಬಗ್ಗೆ ಅತ್ಯಂತ ಅಸಹ್ಯಪಟ್ಟುಕೊಂಡಿದ್ದರೋ ಅವನೇ ಗೆದ್ದಿದ್ದ!

"ಬನ್ನಿ, ಶ್ರೀಮತಿ ಸರ್ವಮಂಗಳ ಪಂಚಾಕ್ಷರಿ," ಎಂದರು ಕಾರ್ಯದರ್ಶಿ.

ಚಪ್ಪಾಳೆ ಬಿತ್ತು. ಪಂಚಾಕ್ಷರಿಗೆ ಮೊದಲು ಏನೂ ಅರ್ಥವಾಗಲಿಲ್ಲ. ಆಮೇಲೆ ನೆನಪಾಯಿತು. ಮದುವೆಯಾದ ಹೊಸತರಲ್ಲಿ ಆಕೆ ತನ್ನ ತಾಯಿಯ ಒಂದು ಚಿತ್ರ ತೆಗೆದು ತೋರಿಸಿದ್ದು, ತಾವು 'ಥೂ' ಎಂದದ್ದು, ಕ್ಯಾಮೆರಾ ಅಟ್ಟ ಸೇರಿದ್ದು. ಈಗ ಆಕೆ ಹೊಸ ಸೀರೆಯುಟ್ಟು, ಇಪ್ಪತ್ತರ ಹುಡುಗಿಯ ಮುಖ ಮಾಡಿಕೊಂಡು ವೇದಿಕೆ ಹತ್ತುತ್ತಿದ್ದರು. ಕಣ್ಣು ನೇರ ಬಹುಮಾನದ ಫಲಕದ ಮೇಲೆ. ಪಕ್ಕದಲ್ಲೇ ಆಳುದ್ದದ ಹಿತ್ತಾಳೆಯ ದೀಪದ ಕಂಬ ಉರಿಯುತ್ತಿತ್ತು. ಸಭೆಯವರಿಗೆಲ್ಲ ಅದು ಕಾಣುತ್ತಿತ್ತು, ಆಕೆಯೊಬ್ಬರನ್ನು ಬಿಟ್ಟು. ಆಕೆ ನೇರ ಹೋಗಿ ಅದಕ್ಕೆ ಢಿಕ್ಕಿ ಹೊಡೆದರು.

ದೀಪ ಉರುಳಿತು, ಎಣ್ಣೆ ಚೆಲ್ಲಿತು, ಯಾರೋ ಬೆಂಕಿಯ ಮೇಲೆ ಜಮಖಾನ ಹಾಕಿದರು. 'ಕಣ್ಣು ಎಲ್ಲಿ' ಎಂಬ ಮಾತು ಪಂಚಾಕ್ಷರಿಯವರ ನಾಲಿಗೆಯ ತುದಿಗೆ ಬಂದು ಅಲ್ಲೇ ನಿಂತುಬಿಟ್ಟಿತು. ಅರ್ಧ ನಾಯಿ, ಮೊಣಕೈ, ಬಾಗಿಲಿಗೆ ತಾಗಿದ ಭುಜ, ಗಾಳಿಗೆ ಇಟ್ಟ ಲೋಟ, ಎಲ್ಲವೂ ಒಟ್ಟಿಗೆ ಕಣ್ಣ ಮುಂದೆ ಬಂದವು. ಅವರು ವೇದಿಕೆಯ ಕಡೆಗೆ ಓಡಿದರು.

ಕಣ್ಣಾಸ್ಪತ್ರೆಯ ವೈದ್ಯರು ಆಕೆಯ ದೃಷ್ಟಿಯ ನಕ್ಷೆ ತೆಗೆದು ತೋರಿಸಿದರು. ಕಪ್ಪು ಹಾಳೆಯ ನಡುವೆ ಒಂದು ಬಿಳಿ ಕಿಂಡಿ, ಅಷ್ಟೇ. ಕಣ್ಣಿನೊಳಗಿನ ಒತ್ತಡ ಏರಿ ನರ ಸಾಯುತ್ತ ಬರುವ ಕಾಯಿಲೆ, ಗ್ಲುಕೋಮಾ. ನೋವಿಲ್ಲ, ಕೆಂಪಿಲ್ಲ. ನೋಟ ಅಂಚಿನಿಂದ ಸವೆಯುತ್ತದೆ. ಸವೆದ ಜಾಗಕ್ಕೆ ಮಿದುಳು ತಾನೇ ಏನೋ ತುಂಬಿಕೊಳ್ಳುತ್ತದೆ. ಹಾಗಾಗಿ ಕಾಣುತ್ತಿಲ್ಲ ಎಂಬುದೇ ರೋಗಿಗೆ ಗೊತ್ತಾಗುವುದಿಲ್ಲ. ಹೋದದ್ದು ಮರಳದು, ಉಳಿದ ಕಿಂಡಿಯನ್ನು ಔಷಧದಿಂದ ಕಾಯಬಹುದು. ಒಂದು ವರ್ಷ ಮೊದಲೇ ಬಂದಿದ್ದರೆ ಬಹಳ ಉಳಿಯುತ್ತಿತ್ತು, ಎಂದರು ವೈದ್ಯರು.

ಪಂಚಾಕ್ಷರಿ ನೇರ ಡಾಕ್ಟರ್ ಸಲ್ಡಾನಾ ಅವರ ಪ್ರಯೋಗಾಲಯಕ್ಕೆ ಹೋಗಿ ಕೊರಳಪಟ್ಟಿಯನ್ನು ಮುಂದಿಟ್ಟರು. ಸರ್ವಮಂಗಳ ಜೊತೆಗಿದ್ದರು.

"ಅರ್ಥ ಉಳಿಯುತ್ತೆ ಅಂದಿದ್ರಲ್ಲಮ್ಮ? ಕಣ್ಣು ಡಾಕ್ಟರ ಹತ್ರ ಹೋಗು ಅಂತ ನಾನು ಬಾಯಿ ಬಿಟ್ಟು ಹೇಳಿದ್ದೆ. ಅದನ್ನೇ ಏಕಾಗ್ರತೆ ಅಂತ ಮಾಡಿ ಕಳಿಸ್ತಲ್ಲ ನಿಮ್ಮ ಈ ದರಿದ್ರ!"

ಡಾಕ್ಟರ್ ಪಟ್ಟಿಯನ್ನು ಗಣಕಕ್ಕೆ ಸೇರಿಸಿ ವರ್ಷದ ದಾಖಲೆಯನ್ನೆಲ್ಲ ಕೆದಕಿದರು. "ನನ್ನ ತಪ್ಪು ಸರ್, ಇಲ್ಲ ಅನ್ನಲ್ಲ. ಆದರೆ ಯಂತ್ರ ಯಾಕೆ ಹಾಗೆ ಮಾಡ್ತು ಅಂತ ಹುಡುಕಿದೆ. ಕಣ್ಣು ಡಾಕ್ಟರ ಹತ್ರ ಹೋಗು ಅಂತ ನೀವು ಎಲ್ಲರಿಗೂ ಹೇಳಿದ್ದೀರಿ. ಸೂರ್ಯಾಸ್ತದವರಿಗೂ, ಹೂವಿನವರಿಗೂ. ಅದು ಬೈಗುಳ ಅಂತ ಯಂತ್ರ ನಿಮ್ಮಿಂದಲೇ ಕಲೀತು."

ಪಂಚಾಕ್ಷರಿಯವರಿಗೆ ಮನೆಯಲ್ಲಿ ಬಿದ್ದ ಲೋಟ ನೆನಪಾಯಿತು. ಅಲ್ಲಿ ಯಾವ ಯಂತ್ರವೂ ಇರಲಿಲ್ಲ. ತಮ್ಮ ಬಾಯಿಯ ಬಗ್ಗೆ ಅವರಿಗೆ ಅಂದು ಬಂದಷ್ಟು ಹೇಸಿಗೆ ಯಾವ ಚಿತ್ರದ ಬಗ್ಗೆಯೂ ಬಂದಿರಲಿಲ್ಲ.

"ಇವರು ನಿಜವಾಗಿ ಹೇಳಿದ್ದು ಉಳಿದಿದೆಯಾ?" ಎಂದು ಸರ್ವಮಂಗಳ ಕೇಳಿದರು.

"ಇದೆ ಅಮ್ಮ. ಕೇಳೋದು ಬೇಡ."

"ಕೇಳಿಸಿ."

ಪಂಚಾಕ್ಷರಿ ತಡೆಯಲು ನೋಡಿದರೂ ಆಕೆ ಬಿಡಲಿಲ್ಲ. ವರ್ಷದ ಉಗುಳೆಲ್ಲ ಕೋಣೆಯಲ್ಲಿ ಒಂದಾದ ಮೇಲೊಂದು ಸುರಿಯಿತು. ಕಾಗೆ ಕಾಯುವ ಕೈ ಎಷ್ಟು ಚೆನ್ನಾಗಿ ಸಿಕ್ಕಿದೆ ಕತ್ತೆಗೆ, ಎಡಗಡೆಯ ನಾಯಿ ಕಾಣಲಿಲ್ವಾ; ಮದುಮಗನ ಬಾಯಿ ತೆರೆದಿರೋದು ಲಕ್ಷ ಬೆಲೆಬಾಳುತ್ತೆ, ಮೇಲಿನ ಮೂಲೆಯ ಟವಲು ಇವನಪ್ಪ ಒಣಗಿಸಿದ್ನಾ; ಪಾಪಿ, ಇಂಥ ಕಣ್ಣು ಇಟ್ಕೊಂಡು ಹೀಗಾ ಹಾಳು ಮಾಡೋದು. ಪಂಚಾಕ್ಷರಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಮುಗಿದ ಮೇಲೆ ಸರ್ವಮಂಗಳ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಆ ಸಿಹಿ ಮಾತಲ್ಲಿ ಇದ್ಯಾವುದೂ ಇರ್ಲಿಲ್ಲ," ಎಂದರು. "ಅದರಲ್ಲಿ ಸಂಡಿಗೇನೇ ಇರ್ಲಿಲ್ಲ. ಮೂಲೆ ಮೂಲೆ ಬಿಡದೆ ನೋಡಿದ್ರಲ್ರೀ ನನ್ನ ಚಿತ್ರಾನ."

ಆ ವರ್ಷ ನುಡಿಶೋಧಕಗಳನ್ನು ಹಿಂತೆಗೆದರು. ಬೆಳಕಿಂಡಿಯವರು ಪಂಚಾಕ್ಷರಿಯವರನ್ನು ಬರಿಕೊರಳಲ್ಲಿ ಕೂರಿಸಿದರು. ಈಗ ವಾಲಿದ ಬೆಟ್ಟ ಕಂಡರೆ ಅವರಿಗೆ ಎದೆ ಹೊಡೆದುಕೊಳ್ಳುತ್ತದೆ. ತೆಗೆದವನ ಕಿವಿಯೊಳಗಿನ ಸಮತೋಲವೇನಾದರೂ ಕೆಟ್ಟಿರಬಹುದೇ, ನೆಟ್ಟಗೆ ನಿಲ್ಲಲು ಬರುತ್ತದೆಯೇ ಎಂದು ವಿಚಾರಿಸುತ್ತಾರೆ. ಬೈಗುಳ ಬಾಯಿಗೆ ಬರುವುದಿಲ್ಲ. ಸದಸ್ಯರಿಗೆ ಇದು ಹಳೆಯ ಉಗುಳಿಗಿಂತ ಕಿರಿಕಿರಿ.

ಅವರು ಬೈಯುವುದು ಈಗ ಒಬ್ಬರನ್ನೇ, ಅದೂ ಆಕೆ ಕೇಳಿದ್ದಕ್ಕೆ. ಬೆಳಗಿನ ಬಿಸಿಲು ಚೆನ್ನಾಗಿರುವಾಗ ಸರ್ವಮಂಗಳ ಮಹಡಿಗೆ ಹೋಗಿ ಕ್ಯಾಮೆರಾ ಹಿಡಿದು ನಿಲ್ಲುತ್ತಾರೆ. ಪಂಚಾಕ್ಷರಿ ಹಿಂದಿನಿಂದ ಬಗ್ಗಿ ಅದರ ಗಾಜಿನ ಪರದೆಯನ್ನು ನೋಡುತ್ತಾರೆ. ಒಂದು ಬೆಳಗ್ಗೆ ಎದುರುಮನೆಯ ಮಹಡಿಯಲ್ಲಿ ಹೆಂಗಸೊಬ್ಬಳು ಮಗುವಿನ ತಲೆಗೆ ಎಣ್ಣೆ ತಿಕ್ಕುತ್ತಿದ್ದಳು.

"ತುಂಬಾ ಚೆನ್ನಾಗಿದೆ ಮಂಗಳಾ," ಎಂದರು ಪಂಚಾಕ್ಷರಿ.

"ನನ್ನ ಹತ್ರ ಪಟ್ಟಿ ಕಟ್ಕೊಂಡು ಮಾತಾಡಬೇಡಿ. ಸರಿಯಾಗಿ ಬೈಯ್ರಿ."

ಅವರು ಗಂಟಲು ಸರಿಮಾಡಿಕೊಂಡರು. "ಥೂ, ಎಡಗಡೆ ಅರ್ಧ ಬಕೆಟ್ಟು, ಅಸಹ್ಯ."

ಆಕೆ ಕ್ಯಾಮೆರಾವನ್ನು ಬಲಕ್ಕೆ ತಿರುಗಿಸಿದರು.

"ಈಗ ಈ ಕಡೆ ಪೈಪು ನುಗ್ತು. ಮೇಲೆ ಯಾವಳದೋ ಲಂಗ, ಹೊಲಸು."

ಆಕೆ ತುಸು ಕೆಳಕ್ಕೆ, ಒಂದೆಳೆ ಎಡಕ್ಕೆ ಸರಿಸಿದರು. ಪಂಚಾಕ್ಷರಿ ನಾಲ್ಕೂ ಅಂಚುಗಳ ಮೇಲೆ ಕಣ್ಣಾಡಿಸಿದರು. ಬೈಯಲು ಏನೂ ಸಿಗಲಿಲ್ಲ, ಬಾಯಿ ಮುಚ್ಚಿದರು.

ಸರ್ವಮಂಗಳ ಆ ಮೌನವನ್ನು ಒಂದು ಕ್ಷಣ ಕೇಳಿಸಿಕೊಂಡು, ಗುಂಡಿ ಒತ್ತಿದರು.