ಸಮ್ ತಪ್ಪಿದ ಹಾಡು

ನನ್ನ ಕಿವಿಯಲ್ಲೇ ಏನೋ ದೋಷ ಇರಬೇಕು. ಇಲ್ಲದಿದ್ದರೆ ಎಲ್ಲರಿಗೂ ನಗು ಬರುವಾಗ ನನಗೊಬ್ಬಳಿಗೆ ಯಾಕೆ ಮೈ ಜುಮ್ಮೆನ್ನಬೇಕು?

ಹಾಗೆಂದುಕೊಂಡು ಜಯಮಾಲಾ ತನ್ನ ತೋಳು ನೋಡಿಕೊಂಡಳು. ಸಣ್ಣ ಸಣ್ಣ ಕೂದಲೆಲ್ಲ ನೆಟ್ಟಗೆ ನಿಂತಿದ್ದವು. ಗಡಬಡಿಸಿ ತೋಳನ್ನು ಡೆಸ್ಕಿನ ಕೆಳಗೆ ಅಡಗಿಸಿದಳು. ಎಲ್ಲರ ಜೊತೆ ಒಂದಿಷ್ಟು ನಕ್ಕಳು ಕೂಡ.

ನವನಗರದ ಆ ಶಾಲೆಯಲ್ಲಿ ಐದನೆಯ ತರಗತಿಗೆ ಶನಿವಾರದ ಕೊನೆಯ ಪಿರಿಯಡ್ ಸಂಗೀತ. ಇವತ್ತು ನಾಗರತ್ನಾ ಟೀಚರ್ ಹಾಡಿಸಿರಲಿಲ್ಲ. ಟೇಬಲ್ ಮೇಲೆ ಪುಟ್ಟ ಸ್ಪೀಕರ್ ಇಟ್ಟು, "ಇವರು ಪರದೇಶದವರು, ಪಿಯಾನೋ ಬಾರಸ್ತಾರ. ಭಾಳ ಕಮ್ಮಿ ಸ್ವರದಾಗ ಹಾಡು ಕಟ್ತಾರ. ಸುಮ್ನ ಕೂತ್ ಕೇಳ್ರಿ" ಎಂದು ಫೋನಿನಲ್ಲಿ ಹಾಡು ಹಚ್ಚಿದ್ದರು.

ನಾಲ್ಕೇ ಸ್ವರ. ಮತ್ತೆ ಅದೇ ನಾಲ್ಕು. ಮತ್ತೆ ಅದೇ.

"ಟೀಚರ್, ಫೋನ್ ಹ್ಯಾಂಗ್ ಆಗೇತ್ರಿ!" ಎಂದು ಶಾಹಿದ ಕೂಗಿದ್ದೇ ತಡ, ಕ್ಲಾಸೆಲ್ಲ ನಕ್ಕಿತ್ತು.

"ಹ್ಯಾಂಗ್ ಅಲ್ಲೋ. ಮುಂಜಾನಿ ರಿಯಾಜಿನ ಪಲ್ಟಾ, ಅದ ಸ್ವರ ತಿರುಗಿ ತಿರುಗಿ ಬಾರಸಾಕತ್ತಾರ. ಹಾಡು ಇನ್ನೂ ಚಾಲೂನ ಆಗಿಲ್ಲ" ಎಂದ ಬಸವಕಿರಣ.

ಬಸವಕಿರಣ ತಬಲಾ ಕಲಿಯುತ್ತಿದ್ದ. ಯಾರು ಹಾಡಿದರೂ ತೊಡೆಯ ಮೇಲೆ ಹದಿನಾರು ಮಾತ್ರೆ ಎಣಿಸುತ್ತಿದ್ದ. ತಾಳ ಒಂದು ಸುತ್ತು ಮುಗಿಸಿ ಮೊದಲ ಮಾತ್ರೆಗೆ, ಅಂದರೆ ಸಮ್‌ಗೆ, ಬಂದ ಕೂಡಲೇ ದೊಡ್ಡವರ ಹಾಗೆ "ಆಹಾ!" ಎಂದು ತಲೆ ಆಡಿಸುತ್ತಿದ್ದ.

ಇವತ್ತೂ ಎರಡು ಸಲ "ಆಹಾ!" ಎಂದ. ಮೂರನೆಯ ಸಲ ತೆರೆದ ಬಾಯಿ ತೆರೆದೇ ಉಳಿಯಿತು.

"ತಪ್ಪಿದ್ರು! ಟೀಚರ್, ಈ ಅಂಕಲ್ ಸಮ್ ತಪ್ಪಿದ್ರು ನೋಡ್ರಿ!"

ಕ್ಲಾಸು ಬಿದ್ದು ಬಿದ್ದು ನಕ್ಕಿತು.

ಜಯಮಾಲಾ ಡೆಸ್ಕಿನ ಕೆಳಗೆ ಬೆರಳು ಮಡಚಿದಳು. ಒಂದು, ಎರಡು, ಮೂರು, ನಾಲ್ಕು... ಐದು! ಅವರು ತಪ್ಪಿರಲಿಲ್ಲ. ಹೊಸ ಹುಡುಗಿ ಮೆಲ್ಲಗೆ ಬಂದು ಬೆಂಚಿನ ತುದಿಗೆ ಕೂತ ಹಾಗೆ ಇನ್ನೊಂದು ಸ್ವರ ಬಂದು ಸೇರಿತ್ತು. ಐದು, ಐದು, ಐದು. ಆಮೇಲೆ ಆರು. ಎಲ್ಲೋ ಆಳದಲ್ಲಿ ದಪ್ಪ ಸ್ವರವೊಂದು ಮೊಳಗಿತು. ಡೆಸ್ಕಿನ ಮರ ಗುಂಯ್ ಎಂದಿತು. ಅವಳು ಉಸಿರು ಬಿಡುವುದನ್ನೇ ಮರೆತಳು.

ಇಂಥದ್ದನ್ನು ಎಲ್ಲೋ ಕೇಳಿದ್ದೇನಲ್ಲ. ಎಲ್ಲಿ?

"ಸಾಕ್ರಿ ಟೀಚರ್, ಬ್ಯಾರೇದ ಹಚ್ರಿ!" ಹಿಂದಿನ ಬೆಂಚು ಕೂಗಿತು.

ಟೀಚರ್ ಮುಖ ಸಣ್ಣದಾಯಿತು. "ಯಾರಿಗೂ ಸೇರಲಿಲ್ಲೇನು? ಇನ್ನೂ ಅರ್ಧಾ ಐತಿ. ಬ್ಯಾಡಂದ್ರ ಬಂದ್ ಮಾಡ್ತೇನಿ ಬಿಡ್ರಿ." ಅವರ ಬೆರಳು ಫೋನಿನ ಕಡೆ ಹೋಯಿತು.

ಇನ್ನೂ ಅರ್ಧ! ಏಳಾಗುತ್ತದೋ, ಎಂಟಾಗುತ್ತದೋ, ಎಲ್ಲಿಗೆ ಹೋಗಿ ಮುಟ್ಟುತ್ತದೋ ತನಗೆ ಗೊತ್ತಾಗುವುದೇ ಇಲ್ಲ. ಆದರೆ ಹೇಳುವುದು ಹೇಗೆ? ಹಾಜರಿ ಕೂಗುವಾಗ ಅವಳ "ಎಸ್ ಟೀಚರ್" ಕೇಳಿಸದೆ ಎರಡು ಸಲ ಗೈರುಹಾಜರಿ ಬಿದ್ದಿತ್ತು.

ಕಾಲುಗಳು ತಾವೇ ಎದ್ದು ನಿಂತವು.

"ಏನವ್ವಾ ಜಯಮಾಲಾ?" ಟೀಚರ್ ಬೆರಳು ಅಲ್ಲೇ ನಿಂತಿತು.

"ಒಂದಕ್ಕ ಇರಬೇಕ್ರಿ" ಎಂದ ಬಸವಕಿರಣ. ಮತ್ತೆ ನಗು.

ಜಯಮಾಲಾ ಕೂರಲಿಲ್ಲ. ಸ್ಪೀಕರಿನಲ್ಲಿ ಆರು ಸ್ವರಗಳು ಸುತ್ತುತ್ತಲೇ ಇದ್ದವು. ಆಗ ನೆನಪಾಯಿತು. ದಿನಾ ಬೆಳಿಗ್ಗೆ ಕಣ್ಣು ಬಿಡುವ ಮೊದಲೇ ಅವಳು ಕೇಳುವ ಸದ್ದು: ಅಡುಗೆಮನೆಯಲ್ಲಿ ಗುಡ್ಡವ್ವಜ್ಜಿಯ ಕೈ. ಪಟ ಪಟ, ಪಟ ಪಟ.

"ಬಂದ್ ಮಾಡಬ್ಯಾಡ್ರಿ ಟೀಚರ್!"

ತನ್ನ ದನಿ ಇಷ್ಟು ದೊಡ್ಡದೆಂದು ಅವಳಿಗೇ ಗೊತ್ತಿರಲಿಲ್ಲ. ನಗು ನಿಂತಿತು. ಹಾಡು ಮಾತ್ರ ನಿಲ್ಲಲಿಲ್ಲ.

"ಈ ಹಾಡು ಇದ್ದಲ್ಲೇ ನಿಂತಿಲ್ರಿ. ನಮ್ಮಜ್ಜಿ ರೊಟ್ಟಿ ಬಡೀತಾಳಲ್ರಿ, ಹಂಗ ಐತ್ರಿ. ಸಪ್ಪಳ ಒಂದ ನಮೂನಿ ಕೇಳತೇತ್ರಿ. ಆದ್ರ ಕೈ ಕೆಳಗ ರೊಟ್ಟಿ ದೊಡ್ಡದಾಗಾಕತ್ತಿರತೇತ್ರಿ."