ಎಡಗಡೆಯ ದೀಪ

ಕಣ್ಣಿಲ್ಲದ ಕಾರೊಂದು ಗ್ಯಾರೇಜಿನ ಬಾಗಿಲಿಗೆ ಬಂದು ನಿಂತಿತು.

ಬಂದಿತು ಅನ್ನುವುದಕ್ಕಿಂತ ಹಗ್ಗ ಕಟ್ಟಿ ಎಳೆದು ತಂದರು ಅನ್ನಬೇಕು. ಹಳೆಯ ಕಾಲದ ಸ್ಪೋರ್ಟ್ಸ್ ಕಾರು. ಇಬ್ಬರಿಗಷ್ಟೇ ಜಾಗ, ನೆಲಕ್ಕೆ ಹೊಟ್ಟೆ ತಾಗಿಸಿ ಮಲಗಿದ ಬೆಕ್ಕಿನ ಹಾಗೆ ತಗ್ಗು. ಹೆಡ್‌ಲೈಟ್ ಇರಬೇಕಾದಲ್ಲಿ ತುಕ್ಕು ಹಿಡಿದ ಎರಡು ತೂತು.

ತಗಡು ಬಡಿಯುತ್ತಿದ್ದವಳು ಸುತ್ತಿಗೆ ಕೆಳಗಿಟ್ಟಳು. ಅಯ್ಯೋ ಪಾಪ, ಅಂದಿತು ಮನಸ್ಸು. ಕಾರಿಗೆ ಅಂದಿತೋ, ಅದರ ಪಕ್ಕ ಹಗ್ಗದ ಕೊಳೆಯನ್ನು ಎಲ್ಲಿ ಒರೆಸಲಿ ಎಂದು ಎರಡೂ ಕೈ ಅಗಲಿಸಿ ನಿಂತಿದ್ದವನಿಗೆ ಅಂದಿತೋ, ಅವಳಿಗೇ ತಿಳಿಯಲಿಲ್ಲ.

"ಇಲ್ಲಿ ತಗಡಿನ ಕೆಲಸ ಮಾಡೋರು ಯಾರು?"

"ನಾನೇ."

ಬೇರೆಯವರಾಗಿದ್ದರೆ ಅವಳ ತಲೆಯ ಮೇಲಿಂದ ಕಣ್ಣು ಹಾಯಿಸಿ ಗಂಡಸರನ್ನು ಹುಡುಕುತ್ತಿದ್ದರು. ಅವನು ಹುಡುಕಲಿಲ್ಲ. "ಹಾಗಾದ್ರೆ ನಿಮ್ಮ ಹತ್ರಾನೇ ಮಾತಾಡ್ಬೇಕು," ಎಂದು ಮಡ್‌ಗಾರ್ಡಿನ ಮುಂದೆ ಕುಕ್ಕರಗಾಲಲ್ಲಿ ಕೂತುಬಿಟ್ಟ. "ಹೊರಗೆ ಉಬ್ಬಿರೋ ದೀಪ ಬೇಡ. ಒಳಗೆ ಕೂರಬೇಕು, ಆಳದಲ್ಲಿ. ಮೇಲೊಂದು ಗಾಜು. ಏನೋ ಯೋಚನೆ ಮಾಡ್ತಿರೋರ ಕಣ್ಣಿನ ಹಾಗೆ..." ತಲೆಯೆತ್ತಿ ಅವಳನ್ನು ನೋಡಿದ. "ಈಗ ನಿಮ್ಮ ಕಣ್ಣಿದೆಯಲ್ಲ, ಹಾಗೆ."

ಅವಳ ಕಿವಿ ಬಿಸಿಯಾಯಿತು. ಪಕ್ಕದ ಕಾರಿನಡಿಯಿಂದ ಎರಡು ಕಾಲು ಮಾತ್ರ ಕಾಣುತ್ತಿದ್ದವು. ಆ ಕಾಲುಗಳು ನಕ್ಕವು. ಅವಳ ಸೋದರಮಾವ, ಗ್ಯಾರೇಜಿನ ಒಡೆಯ.

"ಸ್ವಾಮಿ, ಗುಳಿ ಕಣ್ಣಿನವಳೇ ಅಂತ ನಾವು ಕರೆದ್ರೆ ಸುತ್ತಿಗೆ ಎತ್ಕೊಂಡು ಬರ್ತಾಳೆ. ಹುಷಾರು."

"ಅಯ್ಯೋ, ನಾನು ಹಾಗೆ ಹೇಳ್ಲಿಲ್ಲ." ಅವನು ತಡಬಡಾಯಿಸಿ ಎದ್ದ. "ನಂದು ಕನ್ನಡಕದ ಅಂಗಡಿ. ದಿನಾ ಕಣ್ಣೇ ನೋಡೋದು... ಬಾಯಿಗೆ ಬಂದುಬಿಡ್ತು."

"ಕಾರು ಬಿಟ್ಟು ಹೋಗಿ," ಅಂದಳು ಅವಳು ಗಂಭೀರವಾಗಿ. ಅವನು ಬೀದಿಯ ತಿರುವು ದಾಟಿದ ಮೇಲೆ, ಸೈಡ್ ಕನ್ನಡಿಯೊಂದನ್ನು ಎತ್ತಿ ತನ್ನ ಕಣ್ಣನ್ನು ತಾನೇ ನೋಡಿಕೊಂಡಳು.

ಅಂಥ ದೀಪ ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಮಡ್‌ಗಾರ್ಡ್ ಕತ್ತರಿಸಬೇಕು, ದೀಪ ಕೂರಲು ತಗಡಿನ ಬಟ್ಟಲು ಮಾಡಬೇಕು, ಬೆಸೆಯಬೇಕು, ಮಡ್‌ಗಾರ್ಡ್ ಎಲ್ಲಿ ಮುಗಿಯಿತು ಬಟ್ಟಲು ಎಲ್ಲಿ ಶುರುವಾಯಿತು ಎಂದು ಬೆರಳಿಗೂ ಗೊತ್ತಾಗದ ಹಾಗೆ ಉಜ್ಜಬೇಕು. ಅವಳು ಮರಳಿನ ಚೀಲದ ಮೇಲೆ ತಗಡಿಟ್ಟು ಮರದ ಸುತ್ತಿಗೆಯಿಂದ ಬಡಿಯುತ್ತ ಹೋದಳು. ಚಪ್ಪಟೆ ತಗಡು ನಿಧಾನಕ್ಕೆ ಬೊಗಸೆಯಾಗುತ್ತಿತ್ತು.

ಸಂಜೆ ಅಂಗಡಿ ಮುಚ್ಚಿ ಅವನು ಬರುತ್ತಿದ್ದ. ನೋಡಿ ಹೋಗುತ್ತೇನೆ ಎಂದು ಬಂದವನು ದೀಪ ಹಿಡಿದು ನಿಲ್ಲುತ್ತಿದ್ದ.

"ಸ್ವಲ್ಪ ಮೇಲೆ. ಇನ್ನೂ ಸ್ವಲ್ಪ. ಸಾಕು, ಅಲ್ಲಾಡ್ಬೇಡಿ."

"ಉಸಿರು ಬಿಡಬಹುದಾ?"

"ಬೇಡ."

ಅವನು ನಿಜವಾಗಿಯೂ ಉಸಿರು ಹಿಡಿಯುತ್ತಿದ್ದ. ಅವಳು ಸೀಸದಕಡ್ಡಿಯಿಂದ ಗುರುತು ಹಾಕುವಾಗ ಅವನ ಹೆಬ್ಬೆರಳಿಗೂ ಅವಳ ಬೆರಳಿಗೂ ನಡುವೆ ಒಂದು ತಗಡಿನ ದಪ್ಪದಷ್ಟು ಜಾಗ ಉಳಿದಿರುತ್ತಿತ್ತು. ಅಷ್ಟೇ ಅಷ್ಟು. ರಾತ್ರಿ ಮಲಗಿದರೆ ಆ ಜಾಗವೇ ಕಣ್ಣ ಮುಂದೆ...

ಬಲಗಡೆಯ ಬಟ್ಟಲು ಚೆನ್ನಾಗಿಯೇ ಆಗಿತ್ತು. ಒಂದು ಬೆಳಿಗ್ಗೆ ಅವಳು ಅದನ್ನು ಮತ್ತೆ ಬಡಿದು ಚಪ್ಪಟೆ ಮಾಡಿದಳು.

"ಯಾಕೇ? ಸರಿಯಾಗೇ ಇತ್ತಲ್ಲ," ಅಂದ ಮಾವ.

"ಅಂಚು ಸ್ವಲ್ಪ ಸೊಟ್ಟ ಇತ್ತು ಮಾವ."

"ಅಂಚು ಸೊಟ್ಟ ಇತ್ತೋ, ಕೆಲಸ ಮುಗೀದೆ ಇರಲಿ ಅಂತ ಇತ್ತೋ," ಎಂದು ಗೊಣಗಿ ಮಾವ ಕಾರಿನಡಿಗೆ ಸರಿದ.

ಎಷ್ಟು ಎಳೆದರೂ ಕೆಲಸ ಮುಗಿಯದೆ ಇರುತ್ತದೆಯೇ? ಮುಗಿಯಿತು. ಅಷ್ಟರಲ್ಲಿ ಮಾವ ಇಂಜಿನ್ನಿಗೂ ಜೀವ ತುಂಬಿದ್ದ. ಶಟರ್ ಎಳೆದು ಒಳಗೆ ಕತ್ತಲು ಮಾಡಿ, ಎದುರು ಗೋಡೆಯ ಮೇಲೆ ಸೀಮೆಸುಣ್ಣದ ಗೆರೆ ಹಾಕಿ, ಎರಡು ಬೆಳಕೂ ಗೆರೆಯ ಮೇಲೆ ಸಮನಾಗಿ ಕೂರುವ ತನಕ ತಿರುಪು ತಿರುಗಿಸಿದಳು. ಗಾಜಿನ ಹಿಂದೆ, ಆಳದಲ್ಲಿ, ದೀಪಗಳು ಶಾಂತವಾಗಿ ಉರಿದವು.

ಅವನು ಕುಕ್ಕರಗಾಲಲ್ಲಿ ಕೂತು ಗಾಜಿನ ಅಂಚಿನ ಸುತ್ತ ಬೆರಳಾಡಿಸಿದ. "ಇಷ್ಟು ಚೆನ್ನಾಗಿರುತ್ತೆ ಅಂದ್ಕೊಂಡಿರ್ಲಿಲ್ಲ," ಅಂದ ಕೊನೆಗೆ. ಹೇಳುವ ದನಿಯಲ್ಲಿ ಸಂತೋಷವೇ ಇರಲಿಲ್ಲ.

ಯಾಕೆ? ಇಷ್ಟವಾಗಲಿಲ್ಲವೇ? ಅವಳು ಕೇಳಬೇಕೆಂದಿದ್ದಳು. ಅಷ್ಟರಲ್ಲಿ ಕಾರು ಹೊರಟುಹೋಗಿತ್ತು.

ಆಮೇಲಿನ ಸಂಜೆಗಳನ್ನು ಹೇಗೆ ಹೇಳುವುದು? ಗ್ಯಾರೇಜಿನಲ್ಲಿ ಸದ್ದಿಗೇನು ಬರವಿರಲಿಲ್ಲ. ಆದರೂ ಅವನು ಅಂಗಡಿ ಮುಚ್ಚುವ ಹೊತ್ತಾದರೆ ಅವಳ ಸುತ್ತಿಗೆ ತಾನಾಗಿ ನಿಲ್ಲುತ್ತಿತ್ತು. ಪ್ರತಿ ಇಂಜಿನ್ನಿನ ಸದ್ದಿಗೂ ಕತ್ತು ತಿರುಗುತ್ತಿತ್ತು. ಹಾಲಿನ ವ್ಯಾನು. ಶಾಲೆಯ ಬಸ್ಸು. ಯಾರದೋ ಸ್ಕೂಟರು. ಕನ್ನಡಕ ಬೇಕು ಎಂದು ನಾನೇ ಅವನ ಅಂಗಡಿಗೆ ಯಾಕೆ ಹೋಗಬಾರದು? ಹೋಗಬಹುದಿತ್ತು. ಆದರೆ ಅವಳ ಕಣ್ಣು ಎಷ್ಟು ಚುರುಕೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಆಗ ಒಂದು ಸಂಜೆ ಅವನು ಬಂದ. ಅವಳ ಎದೆ ಹಾರಿತು.

"ಎಡಗಡೆ ದೀಪ ಸ್ವಲ್ಪ ಮೇಲೆ ನೋಡ್ತಿದೆ," ಅಂದ ನೆಲ ನೋಡುತ್ತ.

ಹಾರಿದ ಎದೆ ಧೊಪ್ಪನೆ ಕೂತಿತು. ದೂರು ಹೇಳಲು ಬಂದಿದ್ದಾನೆ... ಗೋಡೆಗೆ ಬೆಳಕು ಬಿಟ್ಟು ನೋಡಿದರೆ ನಿಜ. ಎಡಗಡೆಯದು ಗೆರೆಗಿಂತ ಮೇಲಿತ್ತು. ಮಾತಿಲ್ಲದೆ ಸರಿಮಾಡಿದಳು. ಅವನು ಏನೋ ಹೇಳಲು ಬಾಯಿ ತೆರೆದ, ಮುಚ್ಚಿದ, ಹೋದ.

ವಾರ ಕಳೆದು ಮತ್ತೆ ಬಂದ. ಮತ್ತೆ ಅದೇ ದೀಪ. ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಕಣ್ಣಲ್ಲೇ ಅಳೆಯುವವನ ಮುಂದೆ ಅವಳ ಕೈ ಎರಡು ಸಲ ಸೋತಿತ್ತು. ಆ ರಾತ್ರಿ ಅವಳು ಊಟ ಮಾಡಲಿಲ್ಲ. ಬಟ್ಟಲು ಬೆಸೆದಲ್ಲಿ ಜಗ್ಗುತ್ತಿದೆಯೇ? ಅವನನ್ನೇ ನೆನೆಯುತ್ತ ಬಡಿದೆನಲ್ಲ, ಅದಕ್ಕೇ ಹೀಗಾಯಿತೇ?

ಮೂರನೆಯ ಸಲ ಬಂದಾಗ ಮಾವನೇ ಎದುರಾದ.

"ಇನ್ನು ಇವಳಿಗೆ ಬಿಡೋದಿಲ್ಲ ಸ್ವಾಮಿ. ಎಡಗಡೆ ಬಟ್ಟಲು ಕತ್ತರಿಸಿ ತೆಗೆದು ನಾನೇ ಹೊಸದು ಕೂರಿಸ್ತೀನಿ."

"ಕತ್ತರಿಸೋದಾ?" ಅವನ ಮುಖ ಬಿಳಿಚಿತು. "ಬೇಡ ಬೇಡ, ಅಷ್ಟೇನಿಲ್ಲ..."

"ಅಷ್ಟೇನಿಲ್ಲ ಅಂದ್ರೆ ಯಾಕೆ ಬಂದ್ರಿ?" ಮಾವ ಕತ್ತರಿಸುವ ಯಂತ್ರ ತರಲು ಹಿಂದಿನ ಕೋಣೆಗೆ ನಡೆದ.

ಅವಳೇ ಮಾಡಿದ ಮೊದಲ ಜೋಡಿ ದೀಪ. ಅವಳ ಕೈಗೆ ಹೆಸರು ತರಬೇಕಿದ್ದ ಮೊದಲ ಕೆಲಸ. ಅದು ಇವತ್ತು ಗುಜರಿಗೆ. "ನನ್ನ ಕೈ ಮೇಲೆ ನಂಬಿಕೆ ಇಲ್ಲದಿದ್ರೆ ಆವತ್ತೇ ಹೇಳ್ಬೇಕಿತ್ತು," ಅಂದಳು. "ಬೇರೆ ಕಡೆ ಹೋಗ್ಬೇಕಿತ್ತು."

ಅವನು ಕಾರಿನ ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತ ನಿಂತ.

ಕೊನೆಯ ಸಲ ನೋಡಿಬಿಡೋಣವೆಂದು ಅವಳು ಗಾಜು ಬಿಚ್ಚಿದಳು. ಹೊಂದಿಸಿದ ತಿರುಪು ತಾನಾಗಿ ಜರುಗುತ್ತಿದೆಯೇ ಎಂದು ತಿಳಿಯಲು ಅದರ ತಲೆಯಿಂದ ಬಟ್ಟಲಿನವರೆಗೆ ಹಳದಿ ಬಣ್ಣದ ಗೆರೆ ಎಳೆದಿಡುವುದು ಗ್ಯಾರೇಜಿನ ಪದ್ಧತಿ. ಹೋದ ಸಲ ಅವಳು ಎಳೆದಿದ್ದಳು. ಈಗ ಗೆರೆ ಎರಡು ತುಂಡಾಗಿತ್ತು. ತಿರುಪು ಸರಿಯಾಗಿ ಅರ್ಧ ಸುತ್ತು ತಿರುಗಿತ್ತು. ಅದರ ಸೀಳಿನಲ್ಲಿ ಏನೋ ಮಿನುಗಿತು.

ಚಿಮುಟದಿಂದ ಎತ್ತಿದಳು. ಅಕ್ಕಿಕಾಳಿನಷ್ಟೂ ಇಲ್ಲದ ಉಕ್ಕಿನ ಚೂರು.

"ಇದೇನು?"

ಅವನು ಉಗುಳು ನುಂಗಿದ. "ಸ್ಕ್ರೂಡ್ರೈವರ್ ತುದಿ."

"ಯಾರದ್ದು?"

"ನಮ್ಮ ಅಂಗಡೀದು."

"ಕನ್ನಡಕ ಬಿಗಿಯೋದನ್ನ ತಗೊಂಡು ಕಾರಿಗೆ ಹಾಕಿದ್ರಾ?"

"ಮೊದಲೆರಡು ಸಲ ತಿರುಗಿತ್ತು. ಹೋದ ಸಲ ನೀವು ತುಂಬಾ ಬಿಗಿ ಮಾಡಿದ್ರಿ. ಅರ್ಧ ಸುತ್ತಿಗೇ ಮುರೀತು."

ಅವಳು ಚೂರನ್ನು ಅಂಗೈಯಲ್ಲಿಟ್ಟು ನೋಡುತ್ತ ನಿಂತಳು. ನನ್ನ ಕೈ ಕೆಟ್ಟಿರಲಿಲ್ಲ... ಒಂದು ದಿನವೂ ಕೆಟ್ಟಿರಲಿಲ್ಲ. ಮೊದಲು ಅದಕ್ಕೆ ಕಣ್ಣು ತುಂಬಿತು. ಉಳಿದದ್ದು ನಿಧಾನಕ್ಕೆ ತಿಳಿಯಿತು, ಒಳಗೆಲ್ಲೋ ಬೆಚ್ಚಗಾಗುತ್ತ.

"ನಾನು ಅತ್ತಿದ್ದೀನಿ, ಗೊತ್ತಾ ನಿಮಗೆ?"

"ಇಲ್ಲ." ಅವನು ತಲೆ ತಗ್ಗಿಸಿದ. "ಸಿಟ್ಟಾಗ್ತೀರ ಅಂತ ಗೊತ್ತಿತ್ತು. ಸಿಟ್ಟಾದ್ರೂ ಆಗ್ಲಿ, ಒಂದು ಗಂಟೆ ಎದುರಿಗಿರ್ತೀರಲ್ಲ ಅಂದ್ಕೊಂಡೆ. ಅಳ್ತೀರ ಅಂತ ಹೊಳೀಲೇ ಇಲ್ಲ. ತಪ್ಪಾಯ್ತು."

"ಬಾಯಿಬಿಟ್ಟು ಹೇಳ್ಬಹುದಿತ್ತು."

"ಏನಂತ ಹೇಳ್ಲಿ? ಅಂಗಡೀಲಿ ಕೂತ್ರೆ ಸಂಜೆ ಆಗೋದೇ ಇಲ್ಲ, ಸಂಜೆ ಆದ್ರೆ ಅದು ಮುಗಿಯೋದೇ ಇಲ್ಲ. ಕೆಲಸ ಮುಗಿದ ದಿನ ಈ ಕಾರನ್ನ ಎಲ್ಲಾದ್ರೂ ಗುದ್ದಿಬಿಡ್ಲಾ ಅನ್ನಿಸ್ತು. ಹೀಗೆಲ್ಲ ಹೇಳಿದ್ರೆ ನಗ್ತಿದ್ರಿ."

ಅವಳು ನಗಲಿಲ್ಲ. "ನಾನು ಹಾಲಿನ ವ್ಯಾನಿಗೂ ತಿರುಗಿ ನೋಡ್ತಿದ್ದೆ," ಅಂದಳು ಮೆಲ್ಲಗೆ. "ನೀವೇನೋ ಅಂತ."

ಮಾವ ಯಂತ್ರ ಹಿಡಿದು ಬಂದ. "ಹೂಂ, ಎಲ್ಲಿಂದ ಕತ್ತರಿಸ್ಲಿ?"

"ಎಲ್ಲೂ ಬೇಡ ಮಾವ. ತಿರುಪು ಸಡಿಲಾಗಿತ್ತು, ಅಷ್ಟೇ."

"ಸಡಿಲಾಗಿರ್ಲಿಲ್ಲ," ಅಂದ ಅವನು, ಒಂದು ಹೆಜ್ಜೆ ಮುಂದೆ ಬಂದು. "ಮೂರು ಸಲವೂ ನಾನೇ ತಿರುಗಿಸಿದ್ದು. ಇವರ ಕೆಲಸದಲ್ಲಿ ಒಂದು ಕೂದಲಷ್ಟೂ ತಪ್ಪಿಲ್ಲ. ನನಗೆ... ಇಲ್ಲಿಗೆ ಬರಬೇಕಿತ್ತು."

ಮಾವ ಅವನನ್ನು ನೋಡಿದ. ಸೊಸೆಯನ್ನು ನೋಡಿದ. ಯಂತ್ರ ಕೆಳಗಿಟ್ಟ.

"ಊರವರ ಕಣ್ಣು ಪರೀಕ್ಷೆ ಮಾಡೋರಿಗೆ ತಲೆ ಪರೀಕ್ಷೆ ಮಾಡೋರು ಯಾರೂ ಸಿಗ್ಲಿಲ್ವಾ? ಇವಳು ನನ್ನ ಮನೇಲಿ ಊಟ ಬಿಟ್ಟು ಕೂತಿದ್ಲು." ಬೈಗುಳ ಇನ್ನೂ ಬರುವುದಿತ್ತೇನೋ, ಅವಳ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದ. "ನಾನು ಎದುರುಗಡೆ ಚಹಾ ಕುಡ್ಕೊಂಡು ಬರ್ತೀನಿ. ಶಟರ್ ಪೂರ್ತಿ ಎತ್ತಿರ್ಲಿ. ಗಾಳಿ ಬೇಕು ಗ್ಯಾರೇಜಿಗೆ."

ಶಟರ್ ಮೇಲೆ ಹೋಯಿತು. ಸಂಜೆಯ ಬಿಸಿಲು ನೆಲದುದ್ದಕ್ಕೂ ಹಾಸಿಕೊಂಡಿತು. ಅವಳು ತಿರುಪನ್ನು ಅರ್ಧ ಸುತ್ತು ಹಿಂದಕ್ಕೆ ತಿರುಗಿಸಿ ಗಾಜು ಮುಚ್ಚಿದಳು.

"ಇನ್ಮೇಲೆ ದೀಪ ಕೆಡಬಾರದು."

"ಕೆಡದಿದ್ರೆ ನಾನು ಬರೋದು ಹೇಗೆ?"

"ನಡ್ಕೊಂಡು ಬನ್ನಿ."

ಅವನ ಮುಖ ಅರಳಿತು. "ನಾಳೆ ಬರ್ಲಾ?"

"ನಾಳೇನಾ..." ಅವಳ ದನಿ ಇಳಿಯಿತು. ಕೈ ಒರೆಸುವ ಬಟ್ಟೆಯನ್ನು ಸುಮ್ಮನೆ ಮಡಿಸಿದಳು, ಬಿಚ್ಚಿದಳು. "ಈಗ ಹೋಗ್ಲೇಬೇಕಾ?"

ಅವನು ಗೋಡೆಯ ಪಕ್ಕದ ಸ್ಟೂಲನ್ನು ಎಳೆದುಕೊಂಡು, ಅವಳೆದುರು ಕೂತುಬಿಟ್ಟ.