ಆರನೇ ಪೆಟ್ಟಿಗೆ

ನಾನು ಹೊಲಿಗೆಯವಳು, ಜೇನು ಸಾಕುವುದು ನನ್ನ ಹುಚ್ಚು. ಮಹಡಿಯ ಮೇಲೆ ಐದು ಪೆಟ್ಟಿಗೆ ಇಟ್ಟು ಒಂಬತ್ತು ವರ್ಷವಾಯಿತು, ಒಂದು ಜೇನು ಕುಟುಂಬವೂ ನನ್ನ ಕೈಬಿಟ್ಟು ಹಾರಿಹೋಗಿಲ್ಲ. ಇದನ್ನು ಜಂಬ ಅಂದರೂ ಸರಿಯೇ.

ಹೋದ ವರ್ಷ ಆರನೆಯದೊಂದನ್ನು ಮಾಡಿಸಿ, ಒಳಗೆ ಎಂಟು ಖಾಲಿ ಚೌಕಟ್ಟು ಇಳಿಸಿ, ಜೇನುಹುಳು ಬಿಡುವವರೆಗೆ ಇರಲಿ ಅಂತ ಬಾಗಿಲಿಗೆ ಜಾಲರಿ ಬಡಿದು ಇಟ್ಟಿದ್ದೆ. ಒಂದು ಮಧ್ಯಾಹ್ನ ಅದರೊಳಗಿಂದ ಗುಂಯ್ ಅನ್ನುವ ಸದ್ದು ಕೇಳಿಸಿತು. ಅಂಗೈ ಇಟ್ಟರೆ ಹಲಗೆ ಮೈಬಿಸಿಯಷ್ಟು ಬೆಚ್ಚಗಿತ್ತು. ಜಾಲರಿ ಬಡಿದ ಹಾಗೆಯೇ ಇತ್ತು. ಮುಚ್ಚಳ ಎತ್ತಿದೆ, ಸದ್ದು ನಿಂತಿತು. ಒಳಗೆ ಒಂದು ಹುಳುವೂ ಇರಲಿಲ್ಲ, ಸತ್ತದ್ದೂ ಇರಲಿಲ್ಲ. ಆದರೆ ಎಂಟೂ ಚೌಕಟ್ಟುಗಳಲ್ಲಿ ಹಾಲುಬಿಳುಪಿನ ಎರಿ, ಅದರ ತುಂಬಾ ಜೇನುತುಪ್ಪ.

"ಬೇರೆ ಪೆಟ್ಟಿಗೆಯದ್ದನ್ನು ಇಟ್ಟು ಮರೆತಿದ್ದೀಯ ಕಣೇ," ಅಂದಳು ಅಕ್ಕ. ಐದನ್ನೂ ಬಿಚ್ಚಿ ತೋರಿಸಿದೆ. ಒಂದು ಚೌಕಟ್ಟೂ ಕಮ್ಮಿಯಿರಲಿಲ್ಲ. ಆಮೇಲೆ ಅವಳು ಮಹಡಿ ಹತ್ತಲೇ ಇಲ್ಲ.

ನಾನು ಆ ಎರಿಯನ್ನು ಊರಿನ ಜೇನು ಪ್ರದರ್ಶನಕ್ಕೆ ಒಯ್ದೆ. ತೀರ್ಪು ಹೇಳುವ ಹಿರಿಯರು ಕನ್ನಡಕ ಏರಿಸಿ, "ನೂಲು ಹಿಡಿದು ಕಟ್ಟಿದ ಹಾಗಿದೆಯಲ್ಲಮ್ಮ! ಯಾರ ಜೇನು ಇವು?" ಅಂದರು. ನನ್ನ ಎದೆ ಉಬ್ಬಿತು. "ನನ್ನವೇ," ಅಂದೆ. ಮೊದಲ ಬಹುಮಾನ ಬಂತು.

ಮನೆಗೆ ಬಂದು ನೋಡಿದರೆ ಆರನೇ ಪೆಟ್ಟಿಗೆ ತಣ್ಣಗಿತ್ತು. ಇವತ್ತಿನವರೆಗೂ ತಣ್ಣಗೇ ಇದೆ. ಬಹುಮಾನದ ಫಲಕವನ್ನು ಹೊಲಿಗೆ ಕೋಣೆಯಲ್ಲಿ, ಬಂದವರಿಗೆಲ್ಲ ಕಾಣುವ ಹಾಗೆ ತೂಗುಹಾಕಿದ್ದೇನೆ. ಮೊನ್ನೆ ಅದನ್ನು ಒರೆಸಲು ಹೋದ ಅಕ್ಕ ಪಕ್ಕದ ಬಟ್ಟೆ ಬೀರುವಿಗೆ ಕೈ ಊರಿದವಳು ತಟ್ಟನೆ ಹಿಂದೆಗೆದಳು. "ಇದ್ಯಾಕೆ ಇಷ್ಟು ಬೆಚ್ಚಗಿದೆ?" ಅಂತ ಕೇಳಿದಳು.

ನಾನು ಇನ್ನೂ ಆ ಬೀರುವಿನ ಬಾಗಿಲು ತೆಗೆದಿಲ್ಲ.